ಕ್ಲಚ್ಚಿನ ಜಲಮಾರ್ಗ

ಹಳೆಯ ಕಾರಿನ ಗೇರು ಬದಲಿಸುವಾಗ ಕರಕರ ಸದ್ದು ಕೇಳಿಸಿದೊಡನೆ ಗೇರುಪೆಟ್ಟಿಗೆಯೇ ಕೆಟ್ಟಿತೆಂದು ಭಾವಿಸುವವರು ಅನೇಕರು. ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರಿನಲ್ಲಿ ಈ ಭಾವನೆಗೆ ತೆರಬೇಕಾದ ಬೆಲೆ ಹೆಚ್ಚು. ಅದರ ಕ್ಲಚ್ಚನ್ನು ಕಾಣಬೇಕಾದರೆ ಇಂಜಿನನ್ನೇ ಹೊರಕ್ಕೆ ಎತ್ತಬೇಕು. ಅದಕ್ಕೂ ಮುನ್ನ, ಪೆಡಲಿನ ಚಲನೆ ಕ್ಲಚ್ಚನ್ನು ಮುಟ್ಟುವ ದಾರಿಯನ್ನು ಪರೀಕ್ಷಿಸುವುದು ವಿವೇಕ.

ಈ ದಾರಿ ದ್ರವದ್ದು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬುದನ್ನು ಫ್ರಾನ್ಸಿನ ಪ್ಯಾಸ್ಕಲ್ 17ನೆಯ ಶತಮಾನದಲ್ಲಿ ವಿವರಿಸಿದನು. ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಅಂಗುಲ. ಕ್ಲಚ್ಚಿನ ಬಳಿಯ ಸ್ಲೇವ್ ಸಿಲಿಂಡರಿನದು ಒಂದೂಕಾಲು ಅಂಗುಲ. ವಿಸ್ತೀರ್ಣದಲ್ಲಿ ಎರಡನೆಯದು ಮೊದಲನೆಯದರ ಸುಮಾರು 2.8ರಷ್ಟು. ಆದುದರಿಂದ ಬಲ ಅಷ್ಟು ಪಟ್ಟು ಹೆಚ್ಚುತ್ತದೆ, ಚಲನೆ ಅಷ್ಟೇ ಪಟ್ಟು ಕುಗ್ಗುತ್ತದೆ. ಅತ್ತ 25 ಮಿಲಿಮೀಟರು ತಳ್ಳಿದರೆ ಇತ್ತ ದೊರೆಯುವುದು 9 ಮಿಲಿಮೀಟರು ಮಾತ್ರ.

ಇಂಥ ಬಿಗಿ ಲೆಕ್ಕದಲ್ಲಿ ಸಣ್ಣ ಸೋರಿಕೆಯೂ ದೊಡ್ಡ ನಷ್ಟವೇ. ಪೆಡಲನ್ನು ತಳ್ಳುಕಡ್ಡಿಗೆ ಜೋಡಿಸುವ ಪಿನ್ನು ಸವೆದು, ಅದರ ರಂಧ್ರ ಅಗಲವಾಗಿದ್ದರೆ ಪೆಡಲು ವ್ಯರ್ಥವಾಗಿ ಇಳಿಯುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದ್ದರೂ ಹಾಗೆಯೇ. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಕಾಲಿನ ಶ್ರಮ ಅದನ್ನು ಹಿಸುಕುವುದರಲ್ಲಿಯೇ ಮುಗಿಯುತ್ತದೆ. ಆಗ ಕ್ಲಚ್ ಪೂರ್ಣವಾಗಿ ಬಿಡದು, ಗೇರು ಕಿರುಗುಟ್ಟುತ್ತದೆ.

ಪರೀಕ್ಷೆ ಸುಲಭ. ಇಂಜಿನು ನಿಂತಿರುವಾಗ ಒಬ್ಬರು ಪೆಡಲು ಒತ್ತಲಿ, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಕಡ್ಡಿಯನ್ನು ನೋಡಲಿ. ಸ್ವಲ್ಪ ಸಡಿಲ ಸಹಜ. ಆದರೆ ಪೆಡಲು ಬಹಳ ಇಳಿದ ಮೇಲಷ್ಟೇ ಕಡ್ಡಿ ಅಲುಗಿದರೆ ಮೊದಲು ಪಿನ್ನನ್ನು ನೋಡಬೇಕು. ಪದೇ ಪದೇ ಒತ್ತಿದಂತೆ ಕಡ್ಡಿಯ ಚಲನೆ ಹೆಚ್ಚಿದರೆ ಒಳಗೆ ಗಾಳಿಯಿದೆ. ಪೆಡಲನ್ನು ಒತ್ತಿಯೇ ಹಿಡಿದಿದ್ದರೂ ಕಡ್ಡಿ ಮೆಲ್ಲನೆ ಹಿಂದೆ ಸರಿದರೆ ದ್ರವ ಎಲ್ಲಿಯೋ ಜಾರುತ್ತಿದೆ. ರಬ್ಬರು ಮುದ್ರೆಗಳನ್ನು ಬದಲಿಸಬೇಕು.

ಗಾಳಿ ತೆಗೆಯಲು ಸ್ಲೇವ್ ಸಿಲಿಂಡರಿನ ನಿಪ್ಪಲಿಗೆ ನಳಿಕೆ ತೊಡಿಸಿ, ಅದರ ತುದಿಯನ್ನು ಬ್ರೇಕ್ ದ್ರವವಿರುವ ಸೀಸೆಯಲ್ಲಿ ಮುಳುಗಿಸಬೇಕು. ಪೆಡಲು ಇಳಿಯುವಾಗ ನಿಪ್ಪಲು ತೆರೆದಿರಬೇಕು. ಮೇಲೇಳುವ ಮುನ್ನ ಮುಚ್ಚಿರಬೇಕು. ಗುಳ್ಳೆಗಳು ನಿಲ್ಲುವವರೆಗೆ ಹೀಗೆಯೇ ನಡೆಸಿ, ಮೇಲಿನ ಪಾತ್ರೆ ಬರಿದಾಗದಂತೆ ನೋಡಿಕೊಳ್ಳಬೇಕು. ಇಂಜಿನ್ ಎಣ್ಣೆಯನ್ನು ಸುರಿಯಲೇಬಾರದು. ರಬ್ಬರು ಉಬ್ಬಿ ಕೆಡುತ್ತದೆ. ಬ್ರೇಕ್ ದ್ರವವೂ ಗಾಳಿಯ ತೇವವನ್ನು ಹೀರುವುದರಿಂದ ಬಹುಕಾಲ ತೆರೆದಿಟ್ಟದ್ದು ಸಲ್ಲದು.

ಇಷ್ಟಾದ ಮೇಲೂ ಕಡ್ಡಿ ಪೂರ್ಣವಾಗಿ ಚಲಿಸಿ, ಗೇರು ಮಾತ್ರ ಕಿರುಗುಟ್ಟುತ್ತಿದ್ದರೆ, ಆಗ ಇಂಜಿನನ್ನು ಎತ್ತಬಹುದು.