ಐದು ಅಡಿ ಹಲಗೆಯ ಮೇಲೊಂದು ರೈಲ್ವೆ ಯಾರ್ಡು

ಮನೆಯಲ್ಲಿ ಕಿರುರೈಲನ್ನು ಕಟ್ಟಬೇಕೆಂಬ ಅಪೇಕ್ಷೆಯು ಮಕ್ಕಳಿಗೆ ಮಾತ್ರವೇ ಹುಟ್ಟತಕ್ಕದ್ದೆಂದು ಸಂಸಾರಸ್ಥರಾದವರು ಯಾರೂ ಹೇಳಲಾರರು. ಮಗನ ಹೆಸರು ಹೇಳಿ ಪೆಟ್ಟಿಗೆಯನ್ನು ಕೊಂಡು ತರುವವರು ತಂದೆಗಳು. ಮಗನು ಮಲಗಿದ ಮೇಲೆ ಅದನ್ನು ಬಿಡಿಸಿ ಜೋಡಿಸಿ ನೋಡುವವರೂ ಅವರೇ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯವರು 1891ರಲ್ಲಿ ಲೈಪ್‌ಜಿಗ್ ನಗರದ ಜಾತ್ರೆಗೆ ಕೀಲಿಕೊಟ್ಟು ಓಡಿಸುವ ರೈಲನ್ನು ಕಂಬಿಗಳ ಸಮೇತ ತಂದರು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯು 1920ರಲ್ಲಿ ತನ್ನ ರೈಲುಗಳನ್ನು ಮಾರಾಟಕ್ಕಿಟ್ಟನು. ಅಂದಿನಿಂದ ಈ ಆಸೆಯು ದೇಶದೇಶಗಳಿಗೆ ಹಬ್ಬಿ ನಮ್ಮ ಊರುಗಳನ್ನೂ ಮುಟ್ಟಿದೆ.

ಆದರೆ ಬಹಳ ಹಣ ಕೊಟ್ಟು ತಂದ ರೈಲು ಕೆಲವು ತಿಂಗಳಲ್ಲಿಯೇ ಅಟ್ಟವನ್ನು ಸೇರುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಇದಕ್ಕೆ ಹುಡುಗರ ಚಂಚಲತೆಯನ್ನು ದೂರುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ತಪ್ಪು ಹುಡುಗರದಲ್ಲ, ಕಂಬಿಯ ಸುತ್ತಿನದು. ಪೆಟ್ಟಿಗೆಯಲ್ಲಿ ಬರುವ ಕಂಬಿಗಳು ಸಾಮಾನ್ಯವಾಗಿ ದುಂಡಗೆ ಕೂಡುವಂಥವು. ಅದರ ಮೇಲೆ ರೈಲು ಗಾಣದ ಎತ್ತಿನಂತೆ ಸುತ್ತುತ್ತದೆ. ಹತ್ತು ಸುತ್ತು ನೋಡಿದವನಿಗೆ ಹನ್ನೊಂದನೆಯದರಲ್ಲಿ ನೋಡುವುದೇನಿದೆ? ಮೇಲಾಗಿ ಅದಕ್ಕೆ ಕೋಣೆಯ ನಡುಭಾಗವೇ ಬೇಕು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಗೃಹಿಣಿಯು ಅದನ್ನು ತೆಗೆಯಹೇಳಿದರೆ ಆಕೆಯ ತಪ್ಪೇನೂ ಇಲ್ಲ. ಆದುದರಿಂದ ಸುತ್ತನ್ನು ಬಿಟ್ಟು, ಗೋಡೆಗೆ ಒರಗಿಸಿಡಬಹುದಾದ ಒಂದು ಉದ್ದ ಹಲಗೆಯ ಮೇಲೆ ಸಣ್ಣ ಯಾರ್ಡನ್ನು ಕಟ್ಟಿರೆಂದು ನಾವು ಹೇಳುತ್ತೇವೆ.

ಇದಕ್ಕೆ ಅತ್ಯಂತ ಯೋಗ್ಯವಾದ ನಕ್ಷೆಯನ್ನು ಇಂಗ್ಲೆಂಡಿನ ಆಲನ್ ರೈಟ್ ಎಂಬ ಹವ್ಯಾಸಿಯು ಕೊಟ್ಟಿದ್ದಾನೆ. ಅದರ ಹೆಸರು ಇಂಗ್ಲೆನೂಕ್ ಸೈಡಿಂಗ್ಸ್. ಇಂಗ್ಲೆನೂಕ್ ಎಂದರೆ ಆ ದೇಶದ ಮನೆಗಳಲ್ಲಿ ಬೆಂಕಿಗೂಡಿನ ಪಕ್ಕದಲ್ಲಿರುವ ಬೆಚ್ಚನೆಯ ಮೂಲೆ. ಒಂದು ಕಂಬಿದಾರಿ, ಎರಡು ಪಾಯಿಂಟ್ಸುಗಳು, ಆ ಪಾಯಿಂಟ್ಸುಗಳಿಂದ ಕವಲೊಡೆಯುವ ಮೂರು ಸೈಡಿಂಗುಗಳು — ಇಷ್ಟೇ ಅದರ ಆಸ್ತಿ. ಉದ್ದನೆಯ ಸೈಡಿಂಗಿನಲ್ಲಿ ಐದು ವ್ಯಾಗನುಗಳು ನಿಲ್ಲಬೇಕು. ಉಳಿದೆರಡರಲ್ಲಿ ಮೂರು ಮೂರು. ಇವೆಲ್ಲ ಬಂದು ಕೂಡುವ ಇನ್ನೊಂದು ತುದಿಯ ಷಂಟಿಂಗ್ ಕಂಬಿಯಲ್ಲಿ ಎಂಜಿನ್ನೂ ಮೂರು ವ್ಯಾಗನುಗಳೂ ಹಿಡಿಸಬೇಕು.

ಎಂಟು ವ್ಯಾಗನುಗಳಿಗೆ ಎಂಟು ಗುರುತುಗಳನ್ನು ಹಚ್ಚಿ, ಅವುಗಳ ಹೆಸರಿನ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕತಕ್ಕದ್ದು. ಐದು ಚೀಟಿಗಳನ್ನು ಒಂದಾದಮೇಲೊಂದರಂತೆ ಎತ್ತಿದರೆ, ಬಂದ ಅನುಕ್ರಮದಲ್ಲಿಯೇ ಆ ಐದು ವ್ಯಾಗನುಗಳನ್ನು ಉದ್ದನೆಯ ಸೈಡಿಂಗಿನಲ್ಲಿ ಜೋಡಿಸಿ ನಿಲ್ಲಿಸಬೇಕು. ಕೈಯಿಂದ ಎತ್ತಿಡುವಂತಿಲ್ಲ; ಎಲ್ಲವನ್ನೂ ಎಂಜಿನ್ನೇ ಎಳೆಯಬೇಕು, ತಳ್ಳಬೇಕು. ಎಂಟನ್ನು ಏಳರಿಂದ, ಅದನ್ನು ಆರರಿಂದ, ಐದರಿಂದ, ನಾಲ್ಕರಿಂದ ಗುಣಿಸಿ ನೋಡಿದರೆ 6720 ಆಗುವುದು. ಅಂದರೆ 6720 ಬಗೆಯ ರೈಲುಗಳು ಈ ಹಲಗೆಯ ಮೇಲೆ ಹೊರಡಬಲ್ಲವು. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷಗಳಿಗೆ ಸಾಕು; ಅಷ್ಟರಲ್ಲಿ ಮಗನೇ ಉದ್ಯೋಗಸ್ಥನಾಗಿರುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಜಾಗವಿದೆಯಲ್ಲವೆಂದು ಷಂಟಿಂಗ್ ಕಂಬಿಯನ್ನು ಇನ್ನೊಂದು ವ್ಯಾಗನಿನಷ್ಟು ಉದ್ದ ಮಾಡಿದರೆ ಆಟವು ಸಪ್ಪೆಯಾಗುತ್ತದೆ. ಇಕ್ಕಟ್ಟೇ ಅದರ ಪ್ರಾಣ. ಹಾಗೆಯೇ ಒಂದು ಅಂಗುಲ ಕಡಿಮೆಯಾದರೆ ಆಟವೇ ನಡೆಯದು. ಆದುದರಿಂದ ಎಂಜಿನ್ನನ್ನೂ ವ್ಯಾಗನುಗಳನ್ನೂ ಮೊದಲು ಕೊಂಡುಕೊಂಡು, ಕೊಂಡಿಗಳ ಸಹಿತವಾಗಿ ಸಾಲಾಗಿ ನಿಲ್ಲಿಸಿ ಅಳೆದ ನಂತರವೇ ಕಂಬಿಯನ್ನು ಕತ್ತರಿಸಬೇಕು. ಸೈಡಿಂಗಿನ ಅಳತೆಯನ್ನು ಪಾಯಿಂಟ್ಸಿನ ಕವಲಿನಿಂದ ಆರಂಭಿಸಲಾಗದು. ಪಕ್ಕದ ದಾರಿಯಲ್ಲಿ ಬರುವ ವ್ಯಾಗನಿಗೆ ತಗಲದಂತೆ ನಿಲ್ಲಬಹುದಾದ ಸ್ಥಳದಿಂದ ಆರಂಭಿಸಬೇಕು. ದೊಡ್ಡ ರೈಲ್ವೆಯವರು ಇದಕ್ಕೆ ಫೌಲಿಂಗ್ ಮಾರ್ಕ್ ಎಂದು ಹೆಸರಿಟ್ಟು ಕಲ್ಲು ನೆಡುತ್ತಾರೆ. ನಾವು ಸುಣ್ಣದ ಬೊಟ್ಟಿಟ್ಟರೆ ಸಾಕು.

ಅಳತೆಯ ಮಾತು ಬಂದುದರಿಂದ ಗೇಜಿನ ವಿಷಯವನ್ನೂ ಹೇಳಬೇಕಾಗಿದೆ. ಎಚ್ಓ ಎಂಬ ಪ್ರಮಾಣದಲ್ಲಿ ನಿಜವಾದ ರೈಲಿನ 87 ಅಡಿ ಒಂದು ಅಡಿಯಾಗುವುದು; ಕಂಬಿಗಳ ನಡುವಣ ಅಂತರ 16.5 ಮಿಲಿಮೀಟರು. ಎನ್ ಎಂಬ ಇನ್ನೂ ಚಿಕ್ಕ ಪ್ರಮಾಣದಲ್ಲಿ ಈ ಅಂತರ 9 ಮಿಲಿಮೀಟರು. ಸಣ್ಣ ನಾಲ್ಕು ಚಕ್ರದ ವ್ಯಾಗನುಗಳನ್ನು ಆರಿಸಿಕೊಂಡರೆ ನಮ್ಮ ಯಾರ್ಡಿಗೆ ಎಚ್ಓದಲ್ಲಿ ಸುಮಾರು 5 ಅಡಿ ಉದ್ದ, 1 ಅಡಿ ಅಗಲದ ಹಲಗೆ ಸಾಕಾಗುವುದು. ಎನ್‌ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ; ಆದರೆ ಚಿಕ್ಕ ಮಕ್ಕಳ ಬೆರಳುಗಳಿಗೂ ಚಾಳೀಸು ಬಂದ ಕಣ್ಣುಗಳಿಗೂ ಅದು ಹಿತವಲ್ಲ.

ನಮ್ಮ ನಾಡಿನ ರೈಲನ್ನೇ ಮಾಡಬೇಕೆಂಬ ಅಭಿಮಾನಿಗಳಿಗೆ ಒಂದು ತೊಡಕುಂಟು. ಭಾರತದ ಬ್ರಾಡ್‌ಗೇಜು 1676 ಮಿಲಿಮೀಟರು. ಎಚ್ಓ ಪ್ರಮಾಣಕ್ಕೆ ಇಳಿಸಿದರೆ 19 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗುವುದು. ಅಂಗಡಿಯ ಕಂಬಿಯು 16.5 ಮಾತ್ರ, ನಮ್ಮ ಗಾಡಿ ಅದರ ಮೇಲೆ ಕಾಲು ಕೂಡಿಸಿ ನಿಂತಂತೆ ಕಾಣುವುದು. ಹಿಂದೆ ಬೆಂಗಳೂರು ಮೈಸೂರುಗಳ ನಡುವೆ ಓಡುತ್ತಿದ್ದ ಮೀಟರ್‌ಗೇಜು ಇದೇ ಲೆಕ್ಕದಲ್ಲಿ 11.5 ಮಿಲಿಮೀಟರು, ಯೂರೋಪಿನಲ್ಲಿ ಮಾರುವ 12 ಮಿಲಿಮೀಟರಿನ ಕಂಬಿಯು ಅದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಹಿಂದೆ ಇದ್ದ 2 ಅಡಿ 6 ಅಂಗುಲದ ಪುಟ್ಟ ರೈಲಂತೂ ಎನ್‌ನ 9 ಮಿಲಿಮೀಟರ್ ಕಂಬಿಯ ಮೇಲೆ ಸರಿಯಾಗಿಯೇ ಕೂಡುವುದು. ಗಾಡಿಯ ಮೇಲ್ಭಾಗವನ್ನು ಮಾತ್ರ ರಟ್ಟಿನಿಂದಲೋ ಪ್ಲಾಸ್ಟಿಕ್ ಹಾಳೆಯಿಂದಲೋ ನಾವೇ ಕಟ್ಟಿಕೊಳ್ಳಬೇಕು. ಕೈ ಪಳಗುವವರೆಗೆ ಈ ಸಾಹಸ ಬೇಡವೆಂದು ನಮ್ಮ ಸಲಹೆ.

ಹಲಗೆಗೆ ಅರ್ಧ ಅಂಗುಲ ದಪ್ಪದ ಒಳ್ಳೆಯ ಪ್ಲೈವುಡ್ಡು, ಅದರ ಕೆಳಗೆ ಮರದ ಚೌಕಟ್ಟು ಇರಬೇಕು. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಮರವು ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ, ಮೇಲೆ ಮಾತ್ರವಲ್ಲದೆ ಕೆಳಗೂ ಅಂಚುಗಳಿಗೂ ಬಣ್ಣ ಬಳಿಯತಕ್ಕದ್ದು. ಬಳಿಕ ರಸಮಟ್ಟವನ್ನಿಟ್ಟು ನೋಡಿರಿ. ಯಾರ್ಡು ಸ್ವಲ್ಪ ಓರೆಯಾದರೂ ಬಿಟ್ಟ ವ್ಯಾಗನು ತಾನಾಗಿಯೇ ಹೊರಟುಬಿಡುವುದು.

ಇನ್ನು ಕಂಬಿ. ಇಡೀ ಕೆಲಸದಲ್ಲಿ ಅವಸರ ಸಲ್ಲದ ಭಾಗವೆಂದರೆ ಇದೊಂದೇ. ಗುಡ್ಡ, ಮರ, ನಿಲ್ದಾಣಗಳನ್ನು ಎಂದಾದರೂ ತಿದ್ದಬಹುದು. ಕೆಟ್ಟದಾಗಿ ಹಾಸಿದ ಕಂಬಿಯ ಮೇಲೆ ಎಷ್ಟು ಬೆಲೆಯ ಎಂಜಿನ್ನೂ ಓಡದು. ಕತ್ತರಿಸಿದ ತುದಿಗಳನ್ನು ಸಣ್ಣ ಅರದಿಂದ ಉಜ್ಜಿ ನಯಮಾಡಿ, ಫಿಷ್‌ಪ್ಲೇಟುಗಳಲ್ಲಿ ಸೇರಿಸಬೇಕು. ಒಂದೆರಡು ಸೇರುವೆಗಳಲ್ಲಿ ಭೇಟಿಚೀಟಿಯ ದಪ್ಪದಷ್ಟು ಸಂದು ಬಿಡುವುದು ಒಳ್ಳೆಯದು. ಅಂಟು ಹಾಕುವ ಮೊದಲು ಬಡಗಿಯು ತೊಲೆಯನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ಹಲಗೆಯ ಮಟ್ಟದಲ್ಲಿ ನೋಡಿರಿ. ಒಂಟಿ ವ್ಯಾಗನನ್ನು ಬೆರಳಿನಿಂದ ಮೆಲ್ಲಗೆ ತಳ್ಳಿರಿ. ಎಲ್ಲಿ ಟಕ್ಕೆಂದು ಸದ್ದಾಗುವುದೋ ಅಲ್ಲಿಯೇ ಮುಂದೆ ರೈಲು ಹಳಿ ತಪ್ಪುವುದು. ಎರಡು ದಿನ ಹಾಗೆಯೇ ಓಡಿಸಿ ನೋಡಿದ ಮೇಲೆ ಅಂಟಿಸಿದರೆ ನಷ್ಟವಿಲ್ಲ.

ವಿದ್ಯುತ್ತಿನ ಕೆಲಸಕ್ಕೆ ಹೆದರಬೇಕಾದುದಿಲ್ಲ. ಕಂಬಿಗೆ ಬರುವುದು ಹೆಚ್ಚೆಂದರೆ 12 ವೋಲ್ಟಿನ ನೇರ ಪ್ರವಾಹ. ಒಂದು ಕಂಬಿಯಿಂದ ಹೋಗಿ ಎಂಜಿನ್ನಿನ ಮೋಟಾರಿನ ಮೂಲಕ ಇನ್ನೊಂದರಿಂದ ಹಿಂದಿರುಗುವುದು. ದಿಕ್ಕು ಬದಲಾಯಿಸಿದರೆ ರೈಲೂ ಹಿಂದುಮುಂದಾಗುವುದು. ನಮ್ಮ ನಕ್ಷೆಯಲ್ಲಿ ಷಂಟಿಂಗ್ ಕಂಬಿಯ ಕಡೆಯಿಂದ ಎರಡು ತಂತಿ ಕೊಟ್ಟರೆ ಸಾಕು. ಅಂಗಡಿಯ ಪಾಯಿಂಟ್ಸುಗಳು ಸಾಮಾನ್ಯವಾಗಿ ತೆರೆದ ದಾರಿಗೆ ತಾವೇ ಪ್ರವಾಹವನ್ನು ಒಯ್ಯುತ್ತವೆ. 1990ರ ದಶಕದಿಂದೀಚೆಗೆ ಬಳಕೆಗೆ ಬಂದಿರುವ ಅಂಕಿ ಸಂಕೇತದ ನಿಯಂತ್ರಣವು ಹಲವು ಎಂಜಿನ್ನುಗಳನ್ನು ಒಂದೇ ಕಂಬಿಯ ಮೇಲೆ ಬೇರೆಬೇರೆಯಾಗಿ ನಡೆಸಬಲ್ಲುದಾದರೂ, ಒಂದೇ ಎಂಜಿನ್ನಿನ ಯಾರ್ಡಿಗೆ ಅದು ದಂಡದ ವೆಚ್ಚ. ಆ ಹಣದಲ್ಲಿ ಎಲ್ಲ ಚಕ್ರಗಳಿಂದಲೂ ಪ್ರವಾಹವನ್ನು ಹೀರುವ, ಆರು ಇಲ್ಲವೆ ಎಂಟು ಚಕ್ರಗಳ ಒಳ್ಳೆಯ ಎಂಜಿನ್ನನ್ನು ಕೊಳ್ಳಿರಿ. ನಾಲ್ಕು ಚಕ್ರದ ಅಗ್ಗದ ಎಂಜಿನ್ನು ಪಾಯಿಂಟ್ಸಿನ ನಡುವಣ ಪ್ಲಾಸ್ಟಿಕ್ ತುಂಡಿನ ಮೇಲೆ ನಿಂತುಬಿಡುವುದು. ಪ್ರತಿಸಾರಿಯೂ ಅದನ್ನು ಬೆರಳಿನಿಂದ ತಳ್ಳಬೇಕಾಗಿ ಬಂದರೆ ಹುಡುಗರ ಉತ್ಸಾಹ ಒಂದೇ ವಾರದಲ್ಲಿ ಆರಿಹೋಗುವುದು.

ಹೆದರಬೇಕಾದುದು ಗೋಡೆಯ ಪ್ಲಗ್ಗಿಗೆ. ಅಮೆರಿಕೆಯ ಟ್ರಾನ್ಸ್‌ಫಾರ್ಮರುಗಳು 120 ವೋಲ್ಟಿಗೂ ಜಪಾನಿನವು 100 ವೋಲ್ಟಿಗೂ ಮಾಡಲ್ಪಟ್ಟವು. ನಮ್ಮ ಮನೆಗಳಲ್ಲಿ ಇರುವುದು 230. ನೆಂಟರು ವಿದೇಶದಿಂದ ಪ್ರೀತಿಯಿಂದ ತಂದುಕೊಟ್ಟ ಪೆಟ್ಟಿಗೆಯನ್ನು ಬರಹ ಓದದೆ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಸುಡುವುದು, ಮನೆಗೂ ಅಪಾಯ. ಬಿರುಕು ಬಿಟ್ಟ ಇಲ್ಲವೆ ತಂತಿ ಹರಿದ ಟ್ರಾನ್ಸ್‌ಫಾರ್ಮರನ್ನು ಮನೆಯಲ್ಲಿ ಬಿಚ್ಚಬಾರದು, ಬಳಸಲೂಬಾರದು. ಮಕ್ಕಳ ಕೈ 12 ವೋಲ್ಟಿನ ಕಡೆಗಿರಲಿ. ಪ್ಲಗ್ಗು ಹಿರಿಯರ ಪಾಲಿಗಿರಲಿ.

ಓಡಿಸುವಾಗ ವೇಗ ಬೇಡ. ಯಾರ್ಡಿನ ಎಂಜಿನ್ನು ಮನುಷ್ಯನ ನಡಿಗೆಗಿಂತ ಹೆಚ್ಚು ಓಡದು. ಗೆಣ್ಣಿನಾಕಾರದ ಅಮೆರಿಕನ್ ಕೊಂಡಿಗಳಾದರೆ ಬಿದಿರಿನ ಸಣ್ಣ ಕಡ್ಡಿಯನ್ನು ನಡುವೆ ಇಳಿಸಿ ತಿರುಗಿಸಿದೊಡನೆ ಬಿಡುತ್ತವೆ. ಇಬ್ಬರು ಮಕ್ಕಳಿದ್ದರೆ ಒಬ್ಬನು ಡ್ರೈವರು, ಇನ್ನೊಬ್ಬಳು ಕಡ್ಡಿ ಹಿಡಿದ ಷಂಟರು. ಚೀಟಿ ಎತ್ತುವ ಅಧಿಕಾರವನ್ನು ಅಜ್ಜಿಗೆ ಕೊಟ್ಟರೆ ವ್ಯಾಜ್ಯಗಳು ಕಡಿಮೆಯಾಗುವುವು.

ನಿಂತು ನಿಂತು ಓಡುವ ರೈಲಿಗೆ ಬಹುಪಾಲು ಧೂಳೇ ಕಾರಣ. ಹತ್ತಿಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹಚ್ಚಿ, ಪ್ಲಗ್ಗನ್ನು ತೆಗೆದು, ಕಿಟಕಿ ತೆರೆದು, ದೀಪ ಒಲೆಗಳಿಂದ ದೂರದಲ್ಲಿ ಕಂಬಿಯ ತಲೆಯನ್ನು ಒರೆಸಬೇಕು; ಚಕ್ರಗಳನ್ನೂ ಮರೆಯಬಾರದು. ಉಪ್ಪುಕಾಗದದಿಂದ ಉಜ್ಜಿದರೆ ಕಂಬಿಯ ಮೇಲೆ ಗೀರುಗಳೆದ್ದು ಕೊಳೆಯು ಅಲ್ಲಿಯೇ ಮನೆಮಾಡುವುದು. ಎಣ್ಣೆಯನ್ನು ಹೊಲಿಗೆಯಂತ್ರಕ್ಕೆ ಬಿಡುವಂತೆ ಬಿಡದೆ, ಪ್ಲಾಸ್ಟಿಕ್ಕಿಗೆ ಹಾನಿಮಾಡದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಒಂದು ತೊಟ್ಟು ಮುಟ್ಟಿಸಿದರೆ ಸಾಕು. ಆಟ ಮುಗಿದ ಮೇಲೆ ವ್ಯಾಗನುಗಳನ್ನು ಡಬ್ಬಿಗೆ ಹಾಕಿ, ಹಲಗೆಗೆ ಹಳೆಯ ಪಂಚೆಯೊಂದನ್ನು ಹೊದಿಸಿ, ನೆಲಕ್ಕೂ ಒದ್ದೆ ಗೋಡೆಗೂ ತಗಲದಂತೆ ಬೀರುವಿನ ಮೇಲೆ ಮಲಗಿಸಿಡತಕ್ಕದ್ದು. ಗೆದ್ದಲು ಮೊದಲು ಹುಡುಕುವುದು ಕೆಳಗಿನ ಚೌಕಟ್ಟನ್ನೇ.