ಮದುವೆಗೂ ಅಲ್ಲ, ಮರಣಕ್ಕೂ ಅಲ್ಲ, ಸುಮ್ಮನೆ ಬಂದದ್ದು

ಕಳೆದ ಐದು ವರ್ಷಗಳಲ್ಲಿ ನೀವು ಪತಿಯ ಜೊತೆ ನೂರು ಕಿಲೋಮೀಟರಿನಾಚೆಯ ಯಾರ ಮನೆಗೆಲ್ಲ ಹೋಗಿದ್ದೀರಿ? ಬೆರಳು ಮಡಚಿ ಎಣಿಸಿ ನೋಡಿ. ಮದುವೆ, ಮಯ್ಯಿತ್, ಮನೆ ಒಕ್ಕಲು, ಆಸ್ಪತ್ರೆಯ ಕೆಲಸ, ಮಗನಿಗೋ ಮಗಳಿಗೋ ಸಂಬಂಧ ನೋಡುವುದು, ಇವಿಷ್ಟನ್ನು ಲೆಕ್ಕದಿಂದ ಬಿಡಿ. ಉಳಿದದ್ದನ್ನು ಮಾತ್ರ ಎಣಿಸಿ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಬೆರಳೂ ಮಡಚುವುದಿಲ್ಲ.

ಒಂದೆರಡು ಬೆರಳು ಮಡಚಿದವರಿಗೆ ಇನ್ನೊಂದು ಪ್ರಶ್ನೆ. ಆ ಮನೆಗಳಲ್ಲಿ ನಿಮ್ಮ ಗೆಳತಿಯ ಮನೆ ಎಷ್ಟು?

ಮದುವೆಯಾದ ಮೇಲೆ ಗಂಡಿನ ಗೆಳೆಯರು ಮನೆಯ ಗೆಳೆಯರಾಗುತ್ತಾರೆ. ಅವರು ಬಂದಾಗ ಚಹಾ ಮಾಡುತ್ತೇವೆ, ಅವರ ಮಕ್ಕಳ ಹೆಸರು ನಮಗೆ ಬಾಯಿಪಾಠ. ಹೆಣ್ಣಿನ ಗೆಳತಿಯರು ಮಾತ್ರ ನಿಕಾಹ್‌ನ ದಿನವೇ ಚದುರಿ ಹೋಗುತ್ತಾರೆ. ಒಬ್ಬಳು ಘಟ್ಟ ಹತ್ತಿದಳು, ಒಬ್ಬಳು ಮುಂಬೈ ಸೇರಿದಳು, ಇನ್ನೊಬ್ಬಳು ಕೊಲ್ಲಿಗೆ ಹೋದಳು. ಒಂದೇ ಚಾಪೆಯ ಮೇಲೆ ಕುಳಿತು ಅರಬಿ ವ್ಯಾಕರಣ ಕಂಠಪಾಠ ಮಾಡಿದವರು, ಒಂದೇ ತಟ್ಟೆಯಲ್ಲಿ ಉಂಡವರು, ಕೊನೆಗೆ ಫೋನಿನಲ್ಲಿ ಈದ್ ಮುಬಾರಕ್ ಹೇಳುವ ಹೆಸರುಗಳಾಗಿ ಉಳಿಯುತ್ತಾರೆ. ಇದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಹೆಣ್ಣು ತಾನೇ, ಸಂಸಾರ ಬಂತು, ಮುಗಿಯಿತು ಎಂದು ಬಿಡುತ್ತಾರೆ.

ಪ್ರವಾದಿ(ಸ)ರ ಮನೆಯಲ್ಲಿ ಇದು ಹೀಗಿರಲಿಲ್ಲ. ಹ. ಖದೀಜಾ(ರ) ತೀರಿಕೊಂಡ ಎಷ್ಟೋ ಕಾಲದ ನಂತರವೂ ಆಡು ಕೊಯ್ದರೆ ಅದರ ಪಾಲು ಅವರ ಗೆಳತಿಯರ ಮನೆಗಳಿಗೆ ಹೋಗುತ್ತಿತ್ತು ಎಂದು ಹದೀಸ್‌ಗಳಲ್ಲಿದೆ. ಖದೀಜಾ(ರ)ರ ಸಹೋದರಿ ಹಾಲಾ ಬಂದು ಬಾಗಿಲಲ್ಲಿ ಅನುಮತಿ ಕೇಳಿದಾಗ, ಆ ಧ್ವನಿಯಲ್ಲಿ ಪತ್ನಿಯ ಧ್ವನಿಯನ್ನು ನೆನೆದು ಪ್ರವಾದಿ(ಸ) ಭಾವುಕರಾದ ಘಟನೆಯೂ ಇದೆ. ಹೆಂಡತಿಯ ಗೆಳತಿಯರನ್ನು, ಹೆಂಡತಿಯ ಒಡಹುಟ್ಟಿದವರನ್ನು ತನ್ನವರೆಂದು ಬಗೆಯುವುದು ಗಂಡಸಿನ ಗೌರವಕ್ಕೆ ಕುಂದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ? ಮಸೀದಿಯ ಪ್ರವಚನಗಳಲ್ಲಿ ಕುಟುಂಬ ಸಂಬಂಧದ ಬಗ್ಗೆ ಬಹಳ ಕೇಳುತ್ತೇವೆ. ಈ ಭಾಗ ಅಷ್ಟಾಗಿ ಕೇಳಿಸುವುದಿಲ್ಲ.

ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ನಾನು ಮತ್ತು ನನ್ನ ಪತಿ ಒಂದು ಏರ್ಪಾಡು ಮಾಡಿಕೊಂಡೆವು. ವರ್ಷಕ್ಕೊಮ್ಮೆ, ಶಾಲೆಗೆ ರಜೆ ಇರುವಾಗ, ನಾವಿಬ್ಬರೇ ದೂರದ ಒಂದು ಮನೆಗೆ ಹೋಗಬೇಕು. ಒಂದು ವರ್ಷ ಅವರ ಕಡೆಯ ಮನೆ, ಮರುವರ್ಷ ನನ್ನ ಕಡೆಯದ್ದು. ಅವರದ್ದು ಅಂಗಡಿ. ಮೂರು ದಿನ ಬಾಗಿಲು ಹಾಕುವುದೆಂದರೆ ಅವರಿಗೆ ಹಲ್ಲು ಕೀಳಿಸಿದಂತೆ. ಆದರೂ ಒಪ್ಪಿದರು.

2023ರ ಅಕ್ಟೋಬರ್ ರಜೆಯಲ್ಲಿ ನನ್ನ ಸರದಿ ಬಂತು. ನಾನು ಹುಬ್ಬಳ್ಳಿ ಎಂದೆ. ಅರಬಿ ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಕುಳಿತು ಓದಿದವಳು ಅಲ್ಲಿಗೆ ಮದುವೆಯಾಗಿ ಹೋಗಿದ್ದಳು. ನಮ್ಮ ಕರಾವಳಿಯ ಹುಡುಗಿ, ಉರ್ದು ಮಾತಾಡುವ ದೊಡ್ಡ ಕುಟುಂಬಕ್ಕೆ ಸೊಸೆ. ಇಪ್ಪತ್ತು ವರ್ಷಗಳಲ್ಲಿ ನಾವು ಭೇಟಿಯಾದದ್ದು ಎರಡೇ ಬಾರಿ, ಅದೂ ಯಾರದೋ ಮದುವೆಯ ಗದ್ದಲದಲ್ಲಿ.

ಮಂಗಳೂರಿನಿಂದ ರಾತ್ರಿ ಹೊರಡುವ ಕೆಂಪು ಬಸ್ಸಿನಲ್ಲಿ ಹೊರಟೆವು. ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದಿತ್ತು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸರಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ ಉಚಿತ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಇಲ್ಲಿನ ಹೆಂಗಸರಿಗೆ ಅದರ ಪ್ರಯೋಜನ ದಿನನಿತ್ಯ ಅಷ್ಟಾಗಿ ತಟ್ಟುವುದಿಲ್ಲ. ದೂರ ಪ್ರಯಾಣಕ್ಕೆ ಹೊರಟಾಗ ಗೊತ್ತಾಗುತ್ತದೆ. ನಿರ್ವಾಹಕರು ನನ್ನ ಕೈಗೆ ಶೂನ್ಯ ರೂಪಾಯಿಯ ಟಿಕೆಟ್ ಕೊಟ್ಟು, ಇವರ ಕಡೆ ತಿರುಗಿ ದುಡ್ಡು ಕೇಳಿದರು. "ಇನ್ನು ಮೇಲೆ ನಿನ್ನ ಕಡೆಯ ಪ್ರಯಾಣಕ್ಕೆ ನೀನೊಬ್ಬಳೇ ಹೋದರೆ ಲಾಭ" ಎಂದು ಇವರು ನಕ್ಕರು. ಸೀಟಿನಡಿ ಇದ್ದದ್ದು ಕುಚ್ಚಲಕ್ಕಿಯ ಚೀಲ ಮತ್ತು ನಾಲ್ಕು ಪ್ಲಾಸ್ಟಿಕ್ ಸುತ್ತಿದ ಒಣಮೀನು. ನಾಲ್ಕು ಸುತ್ತು ಸಾಲುವುದಿಲ್ಲ ಎಂದು ಕುಂದಾಪುರ ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ತಿಳಿಯಿತು. ಅಂಕೋಲಾದಿಂದ ಬಲಕ್ಕೆ ಹೊರಳಿ ಅರಬೈಲು ಘಾಟಿ ಹತ್ತುವಾಗ ಎಲ್ಲರೂ ನಿದ್ದೆಯಲ್ಲಿದ್ದರು. ನಾವಿಬ್ಬರು ಮಾತ್ರ ಏನೇನೋ ಮಾತಾಡುತ್ತಾ ಎಚ್ಚರವಿದ್ದೆವು. ಮನೆಯಲ್ಲಿ ಕರೆಂಟ್ ಬಿಲ್ಲು ಮತ್ತು ಮಕ್ಕಳ ಫೀಸು ಬಿಟ್ಟು ಬೇರೆ ಮಾತು ನಮ್ಮ ನಡುವೆ ಯಾವಾಗ ನಡೆದಿತ್ತೋ.

ಗೆಳತಿಯ ಅತ್ತೆ ನಮ್ಮನ್ನು ಪ್ರೀತಿಯಿಂದಲೇ ಒಳಗೆ ಕರೆದರು. ಆದರೆ ನಾಷ್ಟಾ ಮುಗಿಯುವವರೆಗೂ ಅವರ ಮುಖದಲ್ಲೊಂದು ಪ್ರಶ್ನೆ ತೂಗಾಡುತ್ತಿತ್ತು. ಕೊನೆಗೆ ಕೇಳಿಯೇ ಬಿಟ್ಟರು: "ಯಾರಿಗೆ ಹೆಣ್ಣು ನೋಡಲಿಕ್ಕೆ ಬಂದಿರಿ?" ಯಾರಿಗೂ ಅಲ್ಲ ಎಂದೆ. ಹಾಗಾದರೆ ಆಸ್ಪತ್ರೆಯ ಕೆಲಸವೇ? ಅದೂ ಅಲ್ಲ. ವ್ಯಾಪಾರ? ಇಲ್ಲ. ನಿಮ್ಮ ಸೊಸೆಯನ್ನು ನೋಡಲಿಕ್ಕೆ ಬಂದೆವು ಎಂದಾಗ ಅವರು ಸ್ವಲ್ಪ ಹೊತ್ತು ಸೊಸೆಯ ಮುಖವನ್ನೇ ನೋಡಿದರು. ಬರೇ ಅವಳನ್ನು ನೋಡಲಿಕ್ಕೆಂದು ಆ ಮನೆಗೆ ಯಾರೂ ಅಷ್ಟು ದೂರದಿಂದ ಬಂದಿರಲಿಲ್ಲ.

ನಮ್ಮಿಬ್ಬರ ಗಂಡಂದಿರ ಪರಿಸ್ಥಿತಿ ಮೊದಲ ದಿನ ನೋಡುವಂತಿತ್ತು. ಪರಿಚಯವಿಲ್ಲದ ಇಬ್ಬರು ಗಂಡಸರು ವರಾಂಡದಲ್ಲಿ ಕುಳಿತು ಒಂದೇ ಪತ್ರಿಕೆಯ ಎರಡು ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಸಂಜೆ ಉಣಕಲ್ ಕೆರೆಯ ಕಡೆ ಹೋಗಿ ಬಂದ ಮೇಲೆ ಅಡಿಕೆ ಧಾರಣೆ ಮತ್ತು ಹತ್ತಿ ಧಾರಣೆಯ ಮಾತು ಶುರುವಾಗಿ ರಾತ್ರಿ ಹನ್ನೊಂದಾದರೂ ನಿಲ್ಲಲಿಲ್ಲ.

ನಾನು ಹೇಳಬೇಕೆಂದಿರುವುದು ಮರುದಿನದ ವಿಷಯ. ಬೆಳಗ್ಗೆ ಅಡುಗೆಮನೆಯಲ್ಲಿ ಅವಳು ಚಹಾ ಸೋಸುತ್ತಿದ್ದಳು. ಎಡಗೈಯ ಬೆರಳನ್ನು ಲೋಟದ ಅಂಚಿನ ಒಳಗೆ ಸ್ವಲ್ಪ ಇಳಿಬಿಟ್ಟಿದ್ದಳು. ಬಿಸಿ ಬೆರಳಿಗೆ ತಾಗಿದಾಗ ಸುರಿಯುವುದನ್ನು ನಿಲ್ಲಿಸಿದಳು. ಎರಡನೇ ಲೋಟಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ನಾನು ಸುಮ್ಮನೆ ನೋಡುತ್ತಾ ನಿಂತೆ. ಕಪಾಟಿನ ಮೇಲೆ ಮಾಸಪತ್ರಿಕೆಗಳ ಕಟ್ಟು ಇತ್ತು, ಅಂಚೆಯ ಸುತ್ತು ಕಾಗದ ಕೂಡ ಬಿಚ್ಚಿರಲಿಲ್ಲ. ಕಾಲೇಜಿನಲ್ಲಿ ನಮಗೆಲ್ಲರಿಗಿಂತ ಮೊದಲು ಪತ್ರಿಕೆ ಕಸಿದು ಓದುತ್ತಿದ್ದವಳು ಇವಳು.

"ಎಷ್ಟು ಕಾಣುತ್ತದೆ ನಿನಗೆ?" ಎಂದು ಕೇಳಿದೆ. ಅವಳು ಲೋಟವನ್ನು ಕೆಳಗಿಟ್ಟು ಅತ್ತಳು.

ಸಕ್ಕರೆ ಕಾಯಿಲೆ ಶುರುವಾಗಿ ಹತ್ತು ವರ್ಷ ದಾಟಿತ್ತಂತೆ. ಮಾತ್ರೆ ನುಂಗುತ್ತಿದ್ದಳು, ಕಣ್ಣು ಮಾತ್ರ ಒಮ್ಮೆಯೂ ತೋರಿಸಿರಲಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲಾಡಲು ಶುರುವಾಗಿ, ಅಕ್ಷರಗಳು ಅಳಿಸಿದಂತಾಗಿ ವರ್ಷವಾಗಿತ್ತು. ಮನೆಯವರಿಗೆ ಹೇಳಿದರೆ ಖರ್ಚು, ಕೈಲಾಗದ ಸೊಸೆ ಎಂಬ ಮಾತು ಬರುತ್ತದೋ ಎಂಬ ಅಳುಕು. ಅದೇ ವರ್ಷ ನಾವು ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೆವು. ಪ್ರತಿ ಸಲವೂ ಅವಳು "ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದೇನೆ" ಎಂದೇ ಹೇಳಿದ್ದಳು. ಫೋನಿಗೆ ಲೋಟದ ಅಂಚಿನ ಬೆರಳು ಕಾಣುವುದಿಲ್ಲವಲ್ಲ.

ಅಂದೇ ಅವಳ ಪತಿಯೊಂದಿಗೆ ಮಾತಾಡಿದ್ದು ನನ್ನವರು. ಹೆಂಡತಿಯ ಕಣ್ಣಿನ ವಿಷಯವನ್ನು ನಾನು ಹೋಗಿ ಹೇಳಿದ್ದರೆ ಅದು ದೂರಿನಂತೆ ಕೇಳಿಸುತ್ತಿತ್ತು. ರಾತ್ರಿಯಿಡೀ ಹತ್ತಿ, ಅಡಿಕೆ ಮಾತಾಡಿ ಗೆಳೆಯರಾದವರ ನಡುವೆ ಅದು ಸಲಹೆಯಾಯಿತು. ಆ ಮನುಷ್ಯ ಕೆಟ್ಟವರೇನಲ್ಲ. ನಿಜಕ್ಕೂ ಗೊತ್ತಿರಲಿಲ್ಲ, ಮುಖ ಬಾಡಿತು. ಮರುದಿನ ಬೆಳಗ್ಗೆ ನಾಲ್ವರೂ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆವು. ಡಯಾಬಿಟಿಕ್ ರೆಟಿನೋಪತಿ ಎಂದರು ವೈದ್ಯರು. ಸಕ್ಕರೆಯಿಂದ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳು ಕೆಟ್ಟು ಸೋರುವುದು, ರಕ್ತ ಒಸರುವುದು. ಆರಂಭದಲ್ಲಿ ನೋವೂ ಇಲ್ಲ, ದೃಷ್ಟಿಯಲ್ಲಿ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಗೊತ್ತಾಗುವಾಗ ಬಹಳ ಹಾನಿ ಆಗಿರುತ್ತದೆ. ಆದ್ದರಿಂದಲೇ ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಹನಿ ಹಾಕಿಸಿ ಪಾಪೆ ಅಗಲಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಓದುತ್ತಿರುವ ಸಹೋದರಿಯರಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಇದನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ. ಲೇಸರ್ ಮತ್ತು ಕಣ್ಣಿನೊಳಗೆ ಕೊಡುವ ಚುಚ್ಚುಮದ್ದಿನಿಂದ ಉಳಿದ ದೃಷ್ಟಿಯನ್ನು ಕಾಪಾಡಲು ಪ್ರಯತ್ನಿಸಬಹುದು, ಹೋದದ್ದೆಲ್ಲ ಮರಳುತ್ತದೆ ಎಂದು ಹೇಳಲಾರೆ ಎಂದರು ವೈದ್ಯರು. ಈಗ ಅವಳು ಬಲಗಣ್ಣಿನಿಂದ ದಪ್ಪ ಅಕ್ಷರ ಓದುತ್ತಾಳೆ. ಮುಸ್‌ಹಫ್‌ನ ದೊಡ್ಡ ಪ್ರತಿಯೊಂದನ್ನು ಕಳುಹಿಸಿಕೊಟ್ಟಿದ್ದೇನೆ.

ಭೇಟಿ ಕೊಡುವುದೆಂದರೆ ಆತಿಥೇಯರ ಮನೆಯ ಹೆಂಗಸಿಗೆ ಎರಡು ದಿನದ ಅಡುಗೆಮನೆ ಶಿಕ್ಷೆ ಎಂಬುದೂ ನಮ್ಮಲ್ಲಿ ಸತ್ಯ. ಬಿರಿಯಾನಿ, ಕಬಾಬು, ಸಿಹಿ ಎಂದು ಅವಳು ಒಲೆಯ ಮುಂದೆ ಬೇಯುತ್ತಾಳೆ. ಬಂದ ಗೆಳತಿ ಹಾಲ್‌ನಲ್ಲಿ ಅವಳ ಅತ್ತೆಯ ಜೊತೆ ಕುಳಿತು ಹೊರಡುತ್ತಾಳೆ. ನಾನು ಹೊರಡುವ ವಾರ ಮೊದಲೇ ಫೋನ್ ಮಾಡಿ, ಒಂದು ಹೊತ್ತು ಗಂಜಿ ಮತ್ತು ಒಣಮೀನು ಚಟ್ನಿ, ಇನ್ನೊಂದು ಹೊತ್ತು ನಿಮ್ಮ ಮನೆಯಲ್ಲಿ ದಿನಾ ಏನೋ ಅದು, ಇಲ್ಲದಿದ್ದರೆ ಬರುವುದಿಲ್ಲ ಎಂದು ಶರತ್ತು ಹಾಕುತ್ತೇನೆ. ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡೆವು. ರಾತ್ರಿ ಅವಳು ಕುಚ್ಚಲಕ್ಕಿಯ ಗಂಜಿಯನ್ನು ಮೂರು ಬಟ್ಟಲು ಕುಡಿದಳು. ಆತಿಥ್ಯ ಮೂರು ದಿನ, ಆತಿಥೇಯನಿಗೆ ಹೊರೆಯಾಗುವಷ್ಟು ಉಳಿಯಬಾರದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಎರಡನೆಯ ಭಾಗವನ್ನು ಅತಿಥಿಗಳಾದ ನಾವೇ ಮೊದಲು ನೆನಪಿಟ್ಟುಕೊಳ್ಳಬೇಕು.

ಎಷ್ಟು ದಿನ ಉಳಿಯುತ್ತೀರಿ ಎಂಬುದು ನಮಾಝ್‌ಗೂ ಸಂಬಂಧಪಟ್ಟದ್ದು. ಹೋಗುವ ಬರುವ ದಿನ ಬಿಟ್ಟು ನಾಲ್ಕು ದಿನ ಒಂದೇ ಊರಲ್ಲಿ ತಂಗುವ ಉದ್ದೇಶವಿದ್ದರೆ ಶಾಫಿಈಗಳಾದ ನಮಗೆ ಅಲ್ಲಿ ಕಸ್ರ್ ಇಲ್ಲ. ಹನಫಿಗಳಲ್ಲಿ ಅದು 15 ದಿನ. ಅವರು ಪ್ರಯಾಣದಲ್ಲಿ ನಾವು ಮಾಡುವಂತೆ ಎರಡು ನಮಾಝ್‌ಗಳನ್ನು ಒಟ್ಟುಗೂಡಿಸುವುದಿಲ್ಲ. ಹುಬ್ಬಳ್ಳಿಯ ಮನೆಯಲ್ಲಿ ನಾನು ಝುಹರ್ ಮತ್ತು ಅಸರ್ ಒಟ್ಟಿಗೆ ನಿರ್ವಹಿಸಿದ್ದನ್ನು ನೋಡಿ ಚಿಕ್ಕ ಹುಡುಗಿಯೊಬ್ಬಳು ಹೋಗಿ ಅಜ್ಜಿಗೆ ವರದಿ ಒಪ್ಪಿಸಿದಳು! ಹೊರಡುವ ಮೊದಲು ಮನೆಯಲ್ಲೇ ಇದನ್ನು ತಿಳಿದುಕೊಂಡರೆ ಆ ಮನೆಯಲ್ಲಿ ಚರ್ಚೆ ಬೆಳೆಯುವುದಿಲ್ಲ.

ಪತಿಯ ಕಡೆಯ ಸರದಿಯಲ್ಲಿ ನಾವು ಹೋದದ್ದು ಮುಂಬ್ರಾಕ್ಕೆ, ಅವರ ಅಣ್ಣನ ಮನೆಗೆ. ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅದಕ್ಕೂ ಮೊದಲು ಭಾವ ಊರಿಗೆ ಬರುವುದೆಂದರೆ ಬಸ್ಸಿನಲ್ಲಿ ಬೆನ್ನು ಮುರಿದುಕೊಂಡು ಬರುವುದಾಗಿತ್ತು. ಈಗ ಮಂಗಳೂರಿನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ನಸುಕಿಗೆ ಮುಂಬೈ ಕಡೆ. 1992-93ರ ಗಲಭೆಯ ನಂತರ ಮುಂಬೈಯ ಬೇರೆ ಬೇರೆ ಭಾಗಗಳಿಂದ ಮುಸ್ಲಿಮರು ಬಂದು ನೆಲೆಸಿ ಮುಂಬ್ರಾ ತುಂಬಿತು. ಭಾವನೂ ಆಗ ಬಂದವರೇ. ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲಿ ಐದು ಜನ. ಅಂಥ ಮನೆಗೆ ಅತಿಥಿಗಳಾಗಿ ಹೋಗಲು ಸಂಕೋಚವಾಗುತ್ತದೆ ಎಂದು ಎಷ್ಟೋ ಸಂಬಂಧಿಕರು ಹೋಗುವುದೇ ಇಲ್ಲ. ಅದನ್ನು ಅವರು ಬೇರೆಯೇ ರೀತಿ ಅರ್ಥ ಮಾಡಿಕೊಂಡಿರುತ್ತಾರೆ. ನಾವು ಎರಡು ರಾತ್ರಿ ಇದ್ದೆವು. ಹೆಂಗಸರು ಕೋಣೆಯಲ್ಲಿ, ಗಂಡಸರು ಅಡುಗೆಮನೆಯಲ್ಲಿ ಸಾಲಾಗಿ ಮಲಗಿದೆವು. ನಾವು ಹೊರಡುವಾಗ ಅತ್ತಿಗೆ ಹೇಳಿದ್ದು ಒಂದೇ ಮಾತು: "ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ಬನ್ನಿ."

ಅತ್ತೆಗೆ 78. ಮಗನ ಮನೆಯನ್ನು ಅವರು ಇದುವರೆಗೆ ನೋಡಿಲ್ಲ. ಬರುವ ಮೇ ತಿಂಗಳಿಗೆ ಹೋಗುವುದೆಂದು ತೀರ್ಮಾನವಾಗಿದೆ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಟಿಕೆಟ್ 120 ದಿನಗಳ ಬದಲು 60 ದಿನ ಮೊದಲು ತೆರೆಯುತ್ತದೆ. ಹಾಗಾಗಿ ಮಾರ್ಚ್‌ನ ದಿನಾಂಕವೊಂದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಕೆಳಗಿನ ಬರ್ತ್‌ನ ಕೋಟಾ ವಯಸ್ಸಾದವರಿಗೂ 45 ದಾಟಿದ ಹೆಂಗಸರಿಗೂ ಇದೆ. ಆದರೆ ಒಂದು ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇರಬೇಕು. ಮೂರನೆಯವರು ಸೇರಿದರೆ ಆ ಕೋಟಾ ಸಿಗುವುದಿಲ್ಲ. ನನಗೂ 46 ಆಯಿತು. ಆದ್ದರಿಂದ ಅತ್ತೆಯದ್ದೂ ನನ್ನದೂ ಒಂದು ಟಿಕೆಟ್, ಇವರದ್ದು ಬೇರೆ. ಮೇಲಿನ ಬರ್ತ್ ಆದರೂ ಪರವಾಗಿಲ್ಲ, ಒಣಮೀನಿನ ಕಟ್ಟು ಮಾತ್ರ ತನ್ನ ಹತ್ತಿರ ಇಡಬೇಡಿ ಎಂದಿದ್ದಾರೆ.