ಬಂಡಿದಾರಿಗೆ ಬಂದ ಸಣ್ಣ ಟ್ರ್ಯಾಕ್ಟರ್

ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿದು ಕಣಕಿ ಬಣವಿ ಸೇರಿದ ಮೇಲೆ ಲಕ್ಷ್ಮೇಶ್ವರ ಸೀಮೆಯ ಎರಿ ಹೊಲಗಳು ಬಿರುಕು ಬಿಟ್ಟು ಬಯಲಾಗಿ ನಿಲ್ಲುತ್ತವೆ. ಆ ಬಯಲಿನಲ್ಲಿ ಹಸಿರಾಗಿ ಉಳಿಯುವುದು ಹೆಚ್ಚಿನಮಟ್ಟಿಗೆ ಬಳ್ಳಾರಿ ಜಾಲಿ. ಹಳ್ಳದ ದಂಡೆ, ಕೆರೆಯ ಅಂಗಳ, ಒಡ್ಡಿನ ಮೈ, ಪಾಳುಬಿದ್ದ ಹೊಲ, ಎಲ್ಲೆಲ್ಲೂ ಅದೇ. ಅದು ಹೆಚ್ಚು ಕಾಡುವ ಜಾಗ ಬಂಡಿದಾರಿ. ಶಿಗ್ಲಿ, ಗೊಜನೂರು, ಬಟ್ಟೂರು, ಬಾಲೇಹೊಸೂರು ಕಡೆ ಹೊಲಕ್ಕೆ ಹೋಗುವ ಯಾವ ದಾರಿ ಹಿಡಿದರೂ ಎರಡೂ ಮಗ್ಗುಲಿಂದ ಜಾಲಿ ಕಂಟಿ ಬಾಗಿ ಬಂದಿರುತ್ತದೆ. ಒಂದು ಕಾಲಕ್ಕೆ ಎದುರುಬದುರು ಎರಡು ಚಕ್ಕಡಿ ದಾಟುತ್ತಿದ್ದ ಕಡೆ ಈಗ ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯಬೇಕು.

ಈ ದಾರಿಗಳು ಏಕೆ ಮುಚ್ಚಿದವು ಎಂಬುದಕ್ಕೆ ಒತ್ತುವರಿಯ ಕಾರಣವನ್ನು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಅದಕ್ಕಿಂತ ದೊಡ್ಡ ಕಾರಣ ಎತ್ತುಗಳು ಕಡಿಮೆಯಾದದ್ದು ಎಂದು ನನಗೆ ಅನ್ನಿಸುತ್ತದೆ. ದಿನಾ ಮುಂಜಾನೆ ಚಕ್ಕಡಿ ಹೋಗಿ ಸಂಜೆ ಬರುತ್ತಿದ್ದಾಗ ದಾರಿಗೆ ಬೇರೆ ಆರೈಕೆ ಬೇಕಿರಲಿಲ್ಲ. ಗಾಲಿ ಓಡಾಡಿದ ನೆಲದಲ್ಲಿ ಗಿಡ ಏಳುತ್ತಿರಲಿಲ್ಲ. ಚಕ್ಕಡಿಯಲ್ಲಿ ಕೊಡಲಿಯೂ ಇರುತ್ತಿತ್ತು, ಅಡ್ಡ ಬಂದ ಟೊಂಗೆ ಅಂದೇ ಕಡಿದು ಅಂದೇ ಒಲೆಗೆ ಹೋಗುತ್ತಿತ್ತು. ಈಗ ಬಿತ್ತನೆಗೊಮ್ಮೆ, ಕೊಯ್ಲಿಗೊಮ್ಮೆ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ದಾರಿಯನ್ನು ಕೇಳುವವರಿಲ್ಲ. ಜಾಲಿಗೆ ಅಷ್ಟು ಸಮಯ ಸಾಕು.

ಇಂಥ ದಾರಿಗಳಲ್ಲಿ ಎತ್ತಿನ ಜಾಗಕ್ಕೆ ಬರಬಲ್ಲ ಯಂತ್ರವೇ ಮಿನಿ ಟ್ರ್ಯಾಕ್ಟರ್. ನಮ್ಮ ಭಾಗದಲ್ಲಿ ಇದನ್ನು ಹೆಚ್ಚಾಗಿ ಎಡೆ ಹೊಡೆಯಲು, ತೋಟದಲ್ಲಿ ಔಷಧ ಸಿಂಪಡಿಸಲು ಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅದು ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತಿರುತ್ತದೆ. ಕಟ್ಟಿಗೆ ಮತ್ತು ದಾರಿಯ ಕೆಲಸಕ್ಕೆ ಅದನ್ನು ಹೊರಗೆ ತಂದರೆ ನಾಲ್ಕು ತಿಂಗಳು ಕೈತುಂಬ ಕೆಲಸವಿದೆ.

ಕರ್ನಾಟಕಕ್ಕೆ ಈ ಯಂತ್ರ ಹೊಸದೇನಲ್ಲ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಶುರುವಾಯಿತು. ಮೊದಲು ಪವರ್ ಟಿಲ್ಲರ್, ಆಮೇಲೆ ಸಣ್ಣ ಟ್ರ್ಯಾಕ್ಟರ್. ‘ಮಿತ್ಸುಬಿಷಿ ಶಕ್ತಿ’ ಎಂಬ ಹೆಸರು ಹಳೆಯ ರೈತರಿಗೆ ಚೆನ್ನಾಗಿ ಗೊತ್ತು. ಅದರ ಎಂಜಿನ್ 18.5 ಎಚ್‌ಪಿ. ಮುಂದೆ ಮಹೀಂದ್ರಾ ಕಂಪನಿ 15 ಎಚ್‌ಪಿಯ ‘ಯುವರಾಜ’ ತಂದಿತು. ಈಗ ಕುಬೋಟಾದ 24 ಎಚ್‌ಪಿ ಗಾಡಿಯಲ್ಲಿ ನಾಲ್ಕೂ ಗಾಲಿಗೆ ಬಲ ಹೋಗುತ್ತದೆ. ಒಂದು ಜೋಡಿ ಎತ್ತಿನ ಎಳೆತ ಹೆಚ್ಚುಕಡಿಮೆ ಒಂದು ಎಚ್‌ಪಿ ಎನ್ನುವುದನ್ನು ನೆನೆದರೆ ಈ ಅಂಕಿಗಳನ್ನು ಸಣ್ಣವು ಎನ್ನಲು ಬಾರದು. ಆದರೆ ಇಲ್ಲಿ ಮುಖ್ಯವಾಗುವುದು ಗಾತ್ರ. ಮೂರರಿಂದ ನಾಲ್ಕು ಅಡಿ ಅಗಲ, ಒಂದು ಟನ್ನಿಗೂ ಕಡಿಮೆ ತೂಕ. ಚಕ್ಕಡಿ ಹೋಗುತ್ತಿದ್ದ ದಾರಿಯಲ್ಲಿ ಇದು ಹೋಗುತ್ತದೆ, ಚಕ್ಕಡಿ ತಿರುಗುತ್ತಿದ್ದ ಜಾಗದಲ್ಲಿ ತಿರುಗುತ್ತದೆ. ಎರಡು ಟನ್ ತೂಗುವ ದೊಡ್ಡ ಟ್ರ್ಯಾಕ್ಟರ್ ಹದವಿದ್ದ ಎರಿ ನೆಲವನ್ನು ತುಳಿದು ಗಟ್ಟಿ ಮಾಡುವಷ್ಟು ಇದು ಮಾಡುವುದಿಲ್ಲ.

ಜೆಸಿಬಿ ತರಿಸಿದರೆ ಒಂದೇ ದಿನದಲ್ಲಿ ದಾರಿ ತೆರೆಯುತ್ತದಲ್ಲ ಎಂದು ಕೇಳುವವರುಂಟು. ತೆರೆಯುತ್ತದೆ. ಆದರೆ ಅದು ಜಾಲಿಯನ್ನು ಬೇರು ಮಣ್ಣು ಸಮೇತ ಕಿತ್ತು ಗುಡ್ಡೆ ಹಾಕುತ್ತದೆ. ಮಣ್ಣು ಮೆತ್ತಿದ, ಮುಳ್ಳು ಹೆಣೆದುಕೊಂಡ ಆ ಗುಡ್ಡೆಯಿಂದ ಕಟ್ಟಿಗೆ ಬಿಡಿಸಲು ಯಾರೂ ಹೋಗುವುದಿಲ್ಲ. ಕೊನೆಗೆ ಅಲ್ಲೇ ಬೆಂಕಿ ಹಚ್ಚುತ್ತಾರೆ. ಮಾರಬಹುದಾಗಿದ್ದ ಉರುವಲು ಹೊಗೆಯಾಗಿ ಹೋಗುತ್ತದೆ, ಪಕ್ಕದ ಒಡ್ಡಿನ ಬೇವೂ ಅದರ ಝಳಕ್ಕೆ ಸುಡುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಾರಿ ಬಿಡಿಸುವ ಖರ್ಚನ್ನು ಆ ಕಟ್ಟಿಗೆಯೇ ಬಹುಮಟ್ಟಿಗೆ ಹೊರಬಲ್ಲದು.

ಏಕೆಂದರೆ ಬಳ್ಳಾರಿ ಜಾಲಿ ಎಷ್ಟೇ ಕೆಟ್ಟ ಗಿಡವಾದರೂ ಅದರ ಕಟ್ಟಿಗೆ ಒಳ್ಳೆಯದು. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಈ ಗಿಡದ ಬೀಜವನ್ನು 1870ರ ದಶಕದಲ್ಲಿ ಕಡಪ ಸೀಮೆಗೆ ತರಿಸಿದ್ದೇ ಉರುವಲಿಗಾಗಿ. ಗಟ್ಟಿ ಕಟ್ಟಿಗೆ, ನಿಧಾನವಾಗಿ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಅರೆಹಸಿ ಇದ್ದರೂ ಹೊತ್ತಿಕೊಳ್ಳುತ್ತದೆ. ಮನೆಮನೆಗೆ ಗ್ಯಾಸ್ ಬಂದ ಮೇಲೂ ಕಟ್ಟಿಗೆಯ ಕೆಲಸ ಮುಗಿದಿಲ್ಲ. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು, ಮದುವೆಯ ಅಡುಗೆ, ಜಾತ್ರೆಯ ದಾಸೋಹ, ಇಟ್ಟಿಗೆ ಭಟ್ಟಿ, ಎಲ್ಲಕ್ಕೂ ಅದು ಬೇಕು. ಕಾನೂನಿನ ತೊಡಕೂ ಕಡಿಮೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯಿಂದ ಹೊರಗಿಟ್ಟ ಮರಗಳ ಪಟ್ಟಿಯಲ್ಲಿ ನೀಲಗಿರಿ, ಸರ್ವೆ, ಸುಬಾಬುಲ್ ಜೊತೆಗೆ ಬಳ್ಳಾರಿ ಜಾಲಿಯೂ ಇದೆ. ಸ್ವಂತ ಹೊಲದ್ದನ್ನು ಕಡಿಯಬಹುದು. ನಮ್ಮ ಕರಿಜಾಲಿ, ಬನ್ನಿ, ಬೇವು, ಹುಣಸೆಗೆ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಲೇಬೇಕು. ಕಾನೂನು ಕೇಳದಿದ್ದರೂ ಅವನ್ನು ಉಳಿಸಬೇಕು ಎನ್ನುವವನು ನಾನು. ಚಕ್ಕಡಿಯ ಗಾಲಿಗೆ ಮೈಯೊಡ್ಡಿದ ಮರ ಕರಿಜಾಲಿ, ಕುರಿಗಳಿಗೆ ಕಾಯಿ ಕೊಡುವುದೂ ಅದೇ. ಕಂಟಿಯ ಮರೆಯಲ್ಲಿ ಅದರ ಎಳೆಗಿಡ ಇದ್ದರೆ ಮೊದಲೇ ಗುರುತು ಮಾಡಿ ಬಟ್ಟೆ ಕಟ್ಟಿಟ್ಟರೆ ಯಂತ್ರದ ಭರದಲ್ಲಿ ಅದು ಸಾಯುವುದಿಲ್ಲ.

ಕೆಲಸ ನಡೆಯುವ ಬಗೆ ಹೀಗೆ. ಒಬ್ಬರು ಯಂತ್ರದ ಗರಗಸದಲ್ಲಿ ಬುಡ ಕೊಯ್ಯುತ್ತಾರೆ, ಒಬ್ಬರು ಕವೆಗೋಲಿನಿಂದ ಟೊಂಗೆಯನ್ನು ದೂರ ಒತ್ತಿ ಹಿಡಿಯುತ್ತಾರೆ. ಮುಳ್ಳಿನ ಸಣ್ಣ ಟೊಂಗೆಗಳನ್ನು ಬೇಲಿಗೆ ಒಂದು ಕಡೆ, ತೋಳು ಗಾತ್ರದ ಕಟ್ಟಿಗೆಯನ್ನು ಇನ್ನೊಂದು ಕಡೆ ಒಟ್ಟುತ್ತಾರೆ. ಹಳ್ಳದ ದಂಡೆಯಲ್ಲಿ ಬೆಳೆದ ದಪ್ಪ ಬೊಡ್ಡೆಯನ್ನು ಹೊರಲು ಆಗುವುದಿಲ್ಲ. ಅದಕ್ಕೆ ಸರಪಳಿ ಬಿಗಿದು ಟ್ರ್ಯಾಕ್ಟರಿಗೆ ಕಟ್ಟಿ ದಾರಿಯವರೆಗೆ ಎಳೆದು ತಂದು, ಅಲ್ಲಿ ತುಂಡು ಮಾಡಿ ಟ್ರೇಲರಿಗೆ ಹೇರುತ್ತಾರೆ. ಸಣ್ಣ ಟ್ರೇಲರಿನಲ್ಲಿ ಒಂದು, ಒಂದೂವರೆ ಟನ್ ಹಿಡಿಯುತ್ತದೆ. ಬೊಡ್ಡೆಯ ಮುಂತುದಿ ನೆಲಕ್ಕೆ ತಾಗಿದ್ದರೆ ಅದು ರಂಟಿಯಂತೆ ಮಣ್ಣು ಬಗೆಯುತ್ತ ಬರುತ್ತದೆ. ಆದ್ದರಿಂದ ಹಿಂದಿನ ಎತ್ತುವ ತೋಳುಗಳಿಂದ ತುದಿಯನ್ನು ಒಂದಿಷ್ಟು ಮೇಲೆತ್ತಿ ಎಳೆಯಬೇಕು. ಟಯರಿಗೆ ಜಾಲಿ ಮುಳ್ಳೇ ಶತ್ರು. ಹಿಂದಿನ ಟಯರಿನಲ್ಲಿ ಮುಕ್ಕಾಲು ಪಾಲು ನೀರು ತುಂಬಿಸಿದರೆ ಹಿಡಿತಕ್ಕೆ ತೂಕ ಸಿಗುತ್ತದೆ ನಿಜ, ಪಂಕ್ಚರಿಗೆ ಅದು ಮದ್ದಲ್ಲ. ಗಾಲಿ ಹಾಯುವ ನೆಲವನ್ನು ಮೊದಲು ಕಸಬರಿಗೆಯಲ್ಲಿ ಗುಡಿಸಿದವರ ಟಯರು ಉಳಿಯುತ್ತದೆ. ಗುಡಿಸುವ ಅರ್ಧ ಗಂಟೆಯನ್ನು ಉಳಿಸಲು ಹೋಗಿ ಅರ್ಧ ದಿನ ಟ್ಯೂಬ್ ಹಿಡಿದು ಕೂಡುವುದು ಬೇಡ.

ಈಗ ಹೇಳುವ ಮಾತನ್ನು ದಯವಿಟ್ಟು ಟ್ರ್ಯಾಕ್ಟರ್ ಹೊಡೆಯುವ ಹುಡುಗರಿಗೆ ಓದಿ ಹೇಳಿ. ಕಟ್ಟಿಗೆ ಎಳೆಯುವಾಗ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಕೆಳಗೆ ಕಟ್ಟಬೇಕು. ಸೀಟಿನ ಕಂಬಿಗಾಗಲಿ, ಎತ್ತುವ ತೋಳುಗಳ ನಡುವೆ ಇರುವ ಮೇಲಿನ ಕೊಂಡಿಗಾಗಲಿ ಎಂದೂ ಕಟ್ಟಬಾರದು. ಬೊಡ್ಡೆ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಹಿಂದಿನ ಗಾಲಿ ಮುಂದೆ ಹೋಗಲಾರದೆ ಎಂಜಿನ್ ಇಡೀ ಗಾಡಿಯನ್ನೇ ಹಿಂದಕ್ಕೆ ಮಗುಚುತ್ತದೆ. ಮುಂದಿನ ಗಾಲಿ ಎದ್ದದ್ದು ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ. ಒಂದೂವರೆ ಸೆಕೆಂಡಿನೊಳಗೆ ಗಾಡಿ ಚಾಲಕನ ಮೇಲೆ ಬಿದ್ದಿರುತ್ತದೆ, ಕ್ಲಚ್ ತುಳಿಯಲು ಅದರ ಅರ್ಧ ಹೊತ್ತೂ ಸಿಗುವುದಿಲ್ಲ. ನೂರು ವರ್ಷದ ಹಿಂದೆ ಅಮೆರಿಕ, ಇಂಗ್ಲೆಂಡಿನಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ಹೀಗೆಯೇ ಮಗುಚಿ ಎಷ್ಟೋ ರೈತರು ಸತ್ತರು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರಂಟಿಯನ್ನು ಮೂರು ಕೊಂಡಿಯಲ್ಲಿ ಜೋಡಿಸುವ ವ್ಯವಸ್ಥೆಗೆ 1926ರಲ್ಲಿ ಪೇಟೆಂಟ್ ಪಡೆದರು. ರಂಟಿ ಸಿಕ್ಕಿಕೊಂಡರೆ ಮೇಲಿನ ಕೊಂಡಿ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಹಿಡಿಯುವ ಜಾಣತನ ಅದರಲ್ಲಿದೆ. ನಮ್ಮೂರಿನ ಮಿನಿ ಟ್ರ್ಯಾಕ್ಟರಿನ ಹಿಂದೆ ಕಾಣುವ ಮೂರು ಕೊಂಡಿಗಳು ಅವರ ಕೊಡುಗೆಯೇ, ‘ಮಾಸಿ’ ಟ್ರ್ಯಾಕ್ಟರಿನ ಪೂರ್ತಿ ಹೆಸರಿನಲ್ಲಿ ಇರುವುದೂ ಅವರೇ. ಆದರೆ ಆ ರಕ್ಷಣೆ ಇರುವುದು ಮೂರೂ ಕೊಂಡಿಗೆ ಸಲಕರಣೆ ಜೋಡಿಸಿದಾಗ. ಬರೀ ಸರಪಳಿ ಕಟ್ಟಿದಾಗ ನಾವು ಮತ್ತೆ ಫೋರ್ಡ್‌ಸನ್ ಕಾಲಕ್ಕೆ ಹೋಗಿ ನಿಲ್ಲುತ್ತೇವೆ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆ ಮಗುಚಿದರೆ ತಡೆಯುವ ಕಬ್ಬಿಣದ ಚೌಕಟ್ಟನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಅದು ಇಲ್ಲದ ಗಾಡಿಗಳೇ ಹೆಚ್ಚು. ಹಾಗಾಗಿ ನಮ್ಮ ರಕ್ಷಣೆ ಮೂರು ರೂಢಿಗಳಲ್ಲಿದೆ: ಸರಪಳಿ ಕೆಳಗೆ, ಗೇರು ಕೆಳಗಿನದು, ಒಡ್ಡನ್ನು ಅಡ್ಡ ಹಾಯದೆ ನೇರ ಹತ್ತಿ ಇಳಿಯುವುದು.

ಜಾಲಿ ಹೋದ ಮೇಲೆ ದಾರಿ ತೆರೆದಂತೆ ಕಾಣುತ್ತದೆ, ಕೆಲಸ ಮಾತ್ರ ಅರ್ಧವೇ ಆಗಿರುತ್ತದೆ. ಲಕ್ಷ್ಮೇಶ್ವರದ ಸುತ್ತ ಎರಿ ಮತ್ತು ಮಸಾರಿ ಎರಡೂ ಮಣ್ಣಿವೆ, ಎರಡಕ್ಕೂ ಬೇರೆ ಬೇರೆ ಉಪಚಾರ. ಎರಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಸೀಳುತ್ತದೆ. ಒಂದು ಗಟ್ಟಿ ಮಳೆ ಬಿದ್ದರೆ ಗಾಲಿಗೆ ಮೆತ್ತಿ ಮೆತ್ತಿ ಗಾಡಿಯನ್ನೇ ನಿಲ್ಲಿಸುತ್ತದೆ. ಇಂಥಲ್ಲಿ ದಾರಿಯ ನಡುಭಾಗವನ್ನು ಎತ್ತರ ಮಾಡಿ ಎರಡೂ ಬದಿಗೆ ನೀರು ಇಳಿಯುವಂತೆ ಮಾಡದೆ ಗರಸು ಸುರಿದರೆ ಆ ಗರಸನ್ನು ಎರಡೇ ಮಳೆಗಾಲದಲ್ಲಿ ಎರಿ ನುಂಗುತ್ತದೆ. ಉದ್ಯೋಗ ಖಾತ್ರಿಯ ‘ನಮ್ಮ ಹೊಲ ನಮ್ಮ ದಾರಿ’ ಕೆಲಸಗಳಲ್ಲಿ ಕೆಲವು ಬಾಳುವುದು, ಕೆಲವು ಮರುವರ್ಷವೇ ಕೆಸರಾಗುವುದು ಈ ಒಂದು ವ್ಯತ್ಯಾಸದಿಂದ. ಸಣ್ಣ ಟ್ರ್ಯಾಕ್ಟರಿನ ಹಿಂದೆ ಓರೆಯಾಗಿ ಕೂಡಿಸಿ ಬದಿಯ ಮಣ್ಣನ್ನು ನಡುವಿಗೆ ತರುವ ಬ್ಲೇಡು ಹೊಸ ದಾರಿ ಮಾಡುವುದಕ್ಕಲ್ಲ, ಇದ್ದದ್ದನ್ನು ವರ್ಷವರ್ಷ ತಿದ್ದುವುದಕ್ಕೆ ಸರಿಯಾದ ಹತಾರ. ಅಡ್ಡಮಳೆ ಬಿದ್ದು ಎರಡು ದಿನ ಬಿಸಿಲು ಕಂಡ ನೆಲದಲ್ಲಿ ಹದವಿರುತ್ತದೆ. ಆಗ ಬ್ಲೇಡ್ ಹಾಯಿಸಿದರೆ ಮಣ್ಣು ಕೂತುಕೊಳ್ಳುತ್ತದೆ. ಪೂರಾ ಒಣಗಿದಾಗ ಧೂಳೇಳುತ್ತದೆ, ಹಸಿಯಿದ್ದಾಗ ಗಾಲಿಯ ತೋಡು ಬೀಳುತ್ತದೆ. ಮಸಾರಿಯಲ್ಲಿ ಭಯ ಇರುವುದು ಕೊರಕಲಿನದು. ಇಳಿಜಾರಿನಲ್ಲಿ ಅಲ್ಲಲ್ಲಿ ದಾರಿಗೆ ಅಡ್ಡಲಾಗಿ ತಗ್ಗು ದಿಬ್ಬ ಕೊಟ್ಟು ನೀರನ್ನು ಪಕ್ಕಕ್ಕೆ ಹೊರಳಿಸಿದರೆ ಸಾಕು.

ಒಂದು ಗಡಿಯನ್ನು ಮಾತ್ರ ಈ ಯಂತ್ರ ದಾಟಕೂಡದು. ಗದಗದ ಬಿಂಕದಕಟ್ಟಿಯಿಂದ ಶಿರಹಟ್ಟಿ, ಮುಂಡರಗಿ ಸೀಮೆ ಹಾದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಚಾಚಿದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, 244 ಚದರ ಕಿಲೋಮೀಟರು. ಗಣಿಗಾರಿಕೆಯ ಕಣ್ಣು ಬಿದ್ದ ಆ ಗುಡ್ಡವನ್ನು ಉಳಿಸಿಕೊಳ್ಳಲು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತದ್ದನ್ನು, ಜನ ಬೀದಿಗಿಳಿದದ್ದನ್ನು ಈ ಜಿಲ್ಲೆ ಮರೆತಿಲ್ಲ. ಗುಡ್ಡದಂಚಿನ ಹೊಲದವರು ತಮ್ಮ ಬದುವಿನ ಜಾಲಿಯನ್ನು ಉರುವಲಾಗಿಸಿದರೆ ಗುಡ್ಡದ ಒಣಕಟ್ಟಿಗೆಯ ಮೇಲಿನ ಒತ್ತಡವೂ ಇಳಿಯುತ್ತದೆ. ಅಲ್ಲಿ ಬಿದ್ದು ಲಡ್ಡಾದ ಮರವೂ ಗೆದ್ದಲಿಗೆ, ಹಾವು ಹಲ್ಲಿಗೆ, ಮೊಳೆಯುವ ಬೀಜಕ್ಕೆ ಬೇಕು. ಮಾಗಡಿ ಕೆರೆಯ ಸುತ್ತಲಿನವರಿಗೆ ಇನ್ನೊಂದು ಮಾತು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಹಾರಿಹೋಗುವವರೆಗೆ ಗರಗಸದ ಸದ್ದನ್ನು ಕೆರೆಯ ಹತ್ತಿರ ತರದಿರಿ. ಅವು ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತವೆ, ಕಟ್ಟಿಗೆಯ ಹಂಗಾಮೂ ಆಗಲೇ ಬಲಿಯುವುದು.

ಸಣ್ಣದಾದರೂ ಒಬ್ಬ ಸಣ್ಣ ರೈತನಿಗೆ ಮಿನಿ ಟ್ರ್ಯಾಕ್ಟರ್ ಭಾರದ ಖರೀದಿ. ಸಹಾಯಧನವಿದೆ, ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳೂ ಇವೆ. ಆದರೆ ಆ ಕೇಂದ್ರಗಳ ಲೆಕ್ಕವೆಲ್ಲ ಉಳುಮೆ, ಬಿತ್ತನೆ, ಒಕ್ಕಣೆಯ ಸುತ್ತ ಇರುತ್ತದೆ. ಬೇಸಿಗೆಯ ದಾರಿ ಕೆಲಸಕ್ಕೆ ಬ್ಲೇಡು, ಸರಪಳಿ, ಸಣ್ಣ ಟ್ರೇಲರನ್ನು ಒಟ್ಟಿಗೆ ಬಾಡಿಗೆಗೆ ಕೊಡುವಂತಾಗಬೇಕು ಎಂಬುದು ನನ್ನ ಬೇಡಿಕೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಕಣಗಿನಹಾಳದಲ್ಲಿ. ಆ ನೆಲದಲ್ಲಿ ಒಂದೇ ಬಂಡಿದಾರಿಯ ಹತ್ತು ಹೊಲದವರು ಕೂಡಿ ಒಂದು ಗಾಡಿ ಇಟ್ಟುಕೊಳ್ಳುವುದು ಅಸಾಧ್ಯವೇ? ದಾರಿಯ ಕಟ್ಟಿಗೆ ಮಾರಿದ ಹಣವನ್ನು ಡೀಸೆಲ್ಲಿಗೆ ಮತ್ತು ಗರಸಿಗೆ ಎತ್ತಿಡುವ ಒಪ್ಪಂದವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಗ್ರಾಮ ನಕಾಶೆ ತೆಗೆಸಿ ದಾರಿಯ ಗೆರೆ ಎಲ್ಲಿದೆ ಎಂದು ನೋಡಿಕೊಂಡರೆ ಪಕ್ಕದ ಹೊಲದವರೊಡನೆ ತಕರಾರೂ ಬರುವುದಿಲ್ಲ.

ಗಾಡಿ ಒಳಗೆ ಹೋದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದು ಗುದ್ದಲಿಯದು. ನೆಲದ ಮಟ್ಟಕ್ಕೆ ಕೊಯ್ದ ಜಾಲಿ ಸಾಯುವುದಿಲ್ಲ. ಬುಡದಲ್ಲಿ ಹುದುಗಿದ ಮೊಗ್ಗುಗಳಿಂದ ಒಂದರ ಜಾಗದಲ್ಲಿ ಎಂಟು ಹತ್ತು ಕವಲು ಚಿಗುರುತ್ತವೆ. ನೆಲದಿಂದ ಒಂದು ಗೇಣು ಕೆಳಗೆ ಬಗೆದು ಬೇರಿನ ಕೊರಳನ್ನು ಕತ್ತರಿಸಿದರೆ ಮಾತ್ರ ಅದು ನಿಲ್ಲುತ್ತದೆ. ಕಾಯಿ ತಿಂದ ಕುರಿ, ದನಗಳ ಸಗಣಿ ಹಿಕ್ಕೆಯಲ್ಲಿ ಬಂದ ಬೀಜ ಮುಂಗಾರಿಗೆ ಮೊಳೆಯುತ್ತದೆ. ಮಿರಗದ ಮಳೆ ಬಿದ್ದು ಹದಿನೈದು ದಿನಕ್ಕೆ ಬಂಡಿದಾರಿಯುದ್ದಕ್ಕೂ ಒಮ್ಮೆ ನಡೆದುಹೋದರೆ ಆ ಸಸಿಗಳನ್ನು ಕೈಯಿಂದಲೇ ಕೀಳಬಹುದು. ಬೇರು ಇನ್ನೂ ಎಳೆಯದಿರುತ್ತದೆ, ಮುಳ್ಳು ಬಲಿತಿರುವುದಿಲ್ಲ.